ಅರ್ಧ ಡೋಸ್ ಅಲ್ಲ ಮಾಮ, ಒಂದು ಹನಿಯೂ ಬೇಡ

ಗುಂಪು: ಮನೆಮಂದಿ

ಶ್ರೀಧರ ಮಾಮ: (ಫಾರ್ವರ್ಡ್) ಬೆಕ್ಕು, ನಾಯಿ ಒಟ್ಟಿಗೆ ಸಾಕುವವರಿಗೆ ನಾಲ್ಕು ಸುಲಭ ಸೂತ್ರ. 1) ಮೊದಲ ದಿನವೇ ಎಲ್ಲವನ್ನೂ ಒಂದೇ ಕೋಣೆಯಲ್ಲಿ ಬಿಡಿ, ಜಗಳ ಆಡಿ ತಾವೇ ಸರಿಹೋಗುತ್ತವೆ. 2) ಎಷ್ಟು ಬೆಕ್ಕಿದ್ದರೂ ಒಂದೇ ಲಿಟರ್ ಟ್ರೇ (ಬೆಕ್ಕು ಮಲಮೂತ್ರ ಮಾಡುವ ತಟ್ಟೆ) ಸಾಕು. 3) ಎಲ್ಲಕ್ಕೂ ಒಂದೇ ಊಟ. 4) ನಾಯಿಯ ಉಣ್ಣಿ ಔಷಧಿಯನ್ನು ಅರ್ಧ ಡೋಸ್ ಬೆಕ್ಕಿಗೂ ಹಾಕಬಹುದು. ಹತ್ತು ಜನರಿಗೆ ಕಳಿಸಿ.

ಶ್ರೀಧರ ಮಾಮ: ಸುಮಾ, ನಿನಗೆ ಅಂತಲೇ ಹಾಕಿದ್ದು. ನಾಲ್ಕು ಬೆಕ್ಕು, ಒಂದು ನಾಯಿ ಕಟ್ಟಿಕೊಂಡು ಒದ್ದಾಡುತ್ತೀಯಲ್ಲ.

ವಿದ್ಯಾ ಅತ್ತೆ: ಸೂಪರ್ ಮಾಹಿತಿ.

ಸುಮಾ: ಮಾಮ, ಬೇಜಾರು ಮಾಡಿಕೊಳ್ಳಬೇಡಿ. ಇದನ್ನು ಈಗಲೇ ಅಳಿಸಿ. ನಾಲ್ಕನೆಯದನ್ನು ನಂಬಿದರೆ ಬೆಕ್ಕು ಸಾಯಬಹುದು.

ಶ್ರೀಧರ ಮಾಮ: ಅರ್ಧ ಡೋಸ್ ಅಂತ ಬರೆದಿದ್ದಾರಲ್ಲ. ಬೆಕ್ಕು ಚಿಕ್ಕದು, ಔಷಧಿಯೂ ಕಡಿಮೆ. ಲೆಕ್ಕ ಸರಿಯಾಗಿಯೇ ಇದೆ.

ಸುಮಾ: ಇದು ತೂಕದ ಲೆಕ್ಕ ಅಲ್ಲ. ನಾಯಿಯ ಬೆನ್ನಿಗೆ ಬಿಡುವ ಎಷ್ಟೋ ಉಣ್ಣಿ ಔಷಧಿಗಳಲ್ಲಿ ಪರ್ಮೆಥ್ರಿನ್ ಅನ್ನುವ ಕೀಟನಾಶಕ ಇರುತ್ತದೆ. ನಾಯಿಯ ಲಿವರ್ ಅದನ್ನು ಒಡೆದು ಹೊರಗೆ ಹಾಕುತ್ತದೆ. ಬೆಕ್ಕಿನ ಲಿವರ್‌ಗೆ ಆ ಕೆಲಸ ಸರಿಯಾಗಿ ಬರುವುದಿಲ್ಲ. ಜೊಲ್ಲು ಸುರಿಯುತ್ತದೆ, ಮೈ ನಡುಗುತ್ತದೆ, ಫಿಟ್ಸ್ ಬರುತ್ತದೆ. ಬೆಕ್ಕಿಗೆ ಹಾಕುವುದಿರಲಿ, ಆಗ ತಾನೇ ಹಾಕಿಸಿಕೊಂಡ ನಾಯಿಗೆ ಒರಗಿ ಮಲಗಿದರೂ ಕಷ್ಟ.

ವಿದ್ಯಾ ಅತ್ತೆ: ಅಯ್ಯೋ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗಾಯಿತು ನನ್ನ ಕಥೆ. ಓದದೇ ಸೂಪರ್ ಅಂದುಬಿಟ್ಟೆ.

ಪ್ರಮೋದ್: ಸುಮಕ್ಕ, ಒಂದು ನಿಮಿಷ. ನಮ್ಮ ನಾಯಿಗೆ ತಂದಿದ್ದರಲ್ಲಿ ಒಂದು ಉಳಿದಿತ್ತು. ಬೆಕ್ಕಿನ ಮರಿ ತುಂಬಾ ಕೆರೆದುಕೊಳ್ಳುತ್ತಿದೆ. ಮಾಮನ ಮೆಸೇಜ್ ನೋಡಿ ಅದನ್ನೇ ಹುಡುಕಿ ಇಟ್ಟುಕೊಂಡೆ.

ಸುಮಾ: ಹಾಕಿದೆಯಾ?

ಸುಮಾ: ಪ್ರಮೋದ್, ಹಾಕಿದೆಯಾ ಹೇಳು ಮೊದಲು.

ಪ್ರಮೋದ್: ಇಲ್ಲ ಇಲ್ಲ. ಮರಿ ಸೋಫಾ ಕೆಳಗೆ ಸೇರಿದೆ, ಕೈಗೆ ಸಿಗಲಿಲ್ಲ.

ಸುಮಾ: ನಿನಗಿಂತ ಮರಿಗೇ ಬುದ್ಧಿ ಜಾಸ್ತಿ. ಡಬ್ಬಿ ತಿರುಗಿಸಿ ನೋಡು, ಏನಾದರೂ ಚಿತ್ರ ಇದೆಯಾ?

ಪ್ರಮೋದ್: ಬೆಕ್ಕಿನ ಚಿತ್ರ ಇದೆ. ಅದರ ಮೇಲೆ ಅಡ್ಡ ಗೆರೆ. ಇಷ್ಟು ದಿನ ನಾನು ನೋಡೇ ಇರಲಿಲ್ಲ.

ಸುಮಾ: ಮರಿಯನ್ನು ಡಾಕ್ಟರಿಗೆ ತೋರಿಸು. ತೂಕ, ವಯಸ್ಸು ನೋಡಿ ಬೆಕ್ಕಿಗೆ ಅಂತಲೇ ಇರುವ ಔಷಧಿ ಕೊಡುತ್ತಾರೆ. ನಾಯಿಗೂ ಬೆಕ್ಕಿರುವ ಮನೆಗೆ ಹೊಂದುವಂಥದ್ದನ್ನೇ ಕೇಳು. ಮುಂದೆ ಯಾವತ್ತಾದರೂ ಬೆಕ್ಕಿನ ಮೈಗೆ ತಾಗಿದರೆ ನಡುಕ ಶುರುವಾಗಲಿ ಅಂತ ಕಾಯಬೇಡ. ತಕ್ಷಣ ಡಾಕ್ಟರಿಗೆ ಫೋನ್ ಮಾಡು.

ಶ್ರೀಧರ ಮಾಮ: ಸರಿಯಮ್ಮ, ನಾಲ್ಕನೆಯದು ತಪ್ಪು ಅಂತಲೇ ಇಟ್ಟುಕೊಳ್ಳೋಣ. ಉಳಿದ ಮೂರು ಅನುಭವದ ಮಾತು. ನಾವು ಚಿಕ್ಕವರಿದ್ದಾಗಲೂ ಮನೆಯಲ್ಲಿ ಬೆಕ್ಕು, ನಾಯಿ ಎರಡೂ ಇದ್ದವು. ಯಾವ ಟ್ರೇ, ಯಾವ ಗೇಟು?

ಸುಮಾ: ಆಗ ಬೆಕ್ಕು ಬೇಕೆಂದಾಗ ಹೊರಗೆ ಹೋಗುತ್ತಿತ್ತು ಮಾಮ. ಇಡೀ ಹಿತ್ತಲೇ ಅದರ ಟ್ರೇ. ನಾಯಿ ಅಟ್ಟಿಸಿದರೆ ಹತ್ತಲು ಅಟ್ಟ ಇತ್ತು, ಮರ ಇತ್ತು. ಈಗ ಬಾಗಿಲು ಹಾಕಿದ ಮನೆಯೊಳಗೆ ಸಾಕುತ್ತೇವೆ. ಆ ಹಿತ್ತಲನ್ನೂ ಅಟ್ಟವನ್ನೂ ನಾವೇ ಮಾಡಿಕೊಡಬೇಕು. ನನ್ನ ಒದ್ದಾಟ ಅಷ್ಟೇ.

ಶ್ರೀಧರ ಮಾಮ: ಅದಕ್ಕೆ ಐದು ಟ್ರೇ ಬೇಕಾ? ಮನೆ ನಿನ್ನದೋ ಬೆಕ್ಕುಗಳದೋ?

ಸುಮಾ: ಬೆಕ್ಕುಗಳದೇ. ಕೇಳಿ, ಈ ವಿಷಯದಲ್ಲಿ ನಾನೂ ಪೆಟ್ಟು ತಿಂದವಳು. ಬೆಕ್ಕಿಗೊಂದು, ಮೇಲೊಂದು ಟ್ರೇ ಅಂತ ಓದಿ ಐದನ್ನೂ ಬಚ್ಚಲಿನಲ್ಲಿ ಸಾಲಾಗಿ ಇಟ್ಟೆ. ಆಮೇಲೂ ನಮ್ಮ ಗಂಡು ಬೆಕ್ಕು ಬೂದಿ ನನ್ನ ಹಾಸಿಗೆ ಮೇಲೆಯೇ ಉಚ್ಚೆ ಮಾಡಿದ. ಒಂದು ಸಲ ಅಲ್ಲ, ಮೂರು ಸಲ. ಬೈದೆ, ಬಾಗಿಲು ಹಾಕಿದೆ. ಡಾಕ್ಟರ್ ಮೊದಲು ಕೇಳಿದ್ದು ಉಚ್ಚೆ ಸಲೀಸಾಗಿ ಬರುತ್ತಿದೆಯಾ ಅಂತ. ಗಂಡು ಬೆಕ್ಕಿಗೆ ಮೂತ್ರನಾಳ ಕಟ್ಟಿಕೊಂಡರೆ ಒಂದೆರಡು ದಿನದಲ್ಲೇ ಪ್ರಾಣ ಹೋಗಬಹುದಂತೆ. ಪುಣ್ಯಕ್ಕೆ ಅದಿರಲಿಲ್ಲ. ಆಮೇಲೆ ಟ್ರೇ ಎಲ್ಲಿದೆ ಅಂದರು. ಬಚ್ಚಲಿಗೆ ಒಂದೇ ಬಾಗಿಲು, ಆ ಬಾಗಿಲಲ್ಲಿ ನಮ್ಮ ನಾಯಿ ಗುಂಡ ಕಾಲು ಚಾಚಿ ಮಲಗಿರುತ್ತಾನೆ. ಬೂದಿ ಎಲ್ಲಿಗೆ ಹೋಗಬೇಕು? ಸಾಲಾಗಿಟ್ಟ ಐದು ಟ್ರೇ ಬೆಕ್ಕಿನ ಲೆಕ್ಕದಲ್ಲಿ ಒಂದೇ. ಈಗ ಬೇರೆ ಬೇರೆ ಕೋಣೆಗೆ ಹಂಚಿದ್ದೇನೆ.

ಪ್ರಮೋದ್: ಗುಂಡ ಟ್ರೇಗೆ ಬಾಯಿ ಹಾಕುವುದಿಲ್ವಾ? ನಮ್ಮದಕ್ಕೆ ಅದೇ ತಿಂಡಿ.

ಸುಮಾ: ಊಟದ ಹೊತ್ತಲ್ಲಿ ಕೇಳುತ್ತೀಯಲ್ಲ ಮಾರಾಯ. ಹಾಕುತ್ತಾನೆ. ಬೆಕ್ಕಿನ ಊಟದಲ್ಲಿ ಪ್ರೋಟೀನ್ ಜಾಸ್ತಿ, ಆ ವಾಸನೆ ನಾಯಿಗೆ ಇಷ್ಟ. ಬಾಗಿಲನ್ನು ಬೆಕ್ಕು ನುಸುಳುವಷ್ಟೇ ತೆರೆದು ಕೊಂಡಿ ಹಾಕಿದ್ದೇನೆ. ಗುಂಡನ ತಲೆ ಹೋಗುತ್ತದೆ, ಹೊಟ್ಟೆ ಹೋಗುವುದಿಲ್ಲ.

ಶ್ರೀಧರ ಮಾಮ: ಆ ಹೊಟ್ಟೆ ಬಂದಿದ್ದು ಬೆಕ್ಕಿನ ಊಟ ತಿಂದೇ ಅಲ್ವಾ? ಹೋದ ಸಲ ಬಂದಾಗ ನಾನೇ ನೋಡಿದೆ. ನನಗೆ ಮಾತ್ರ ಉಪದೇಶ.

ಸುಮಾ: ಒಪ್ಪಿದೆ. ಅದು ನನ್ನ ಸೋಮಾರಿತನ. ಹಗಲೆಲ್ಲಾ ತಟ್ಟೆ ತುಂಬಿಸಿ ಇಡುತ್ತಿದ್ದೆ, ಗುಂಡ ಸುತ್ತು ಹೊಡೆಯುತ್ತಿದ್ದ. ಈಗ ಮೂರು ಬೆಕ್ಕಿಗೆ ಕಪಾಟಿನ ಮೇಲೆ ಊಟ. ಪುಟ್ಟಿಗೆ ವಯಸ್ಸಾಗಿದೆ, ನೆಗೆಯಲಾರಳು, ಅವಳಿಗೆ ಕೋಣೆಯೊಳಗೆ ಬಾಗಿಲು ಹಾಕಿ ಕೊಡುತ್ತೇನೆ. ಆದರೆ ಎಲ್ಲಕ್ಕೂ ಒಂದೇ ಊಟ ಅಂತ ಬೆಕ್ಕಿಗೂ ನಾಯಿ ಊಟ ಹಾಕುವುದು ಇನ್ನೂ ಕೆಟ್ಟದ್ದು. ಟೌರಿನ್ ಅಂತ ಒಂದು ಪೋಷಕಾಂಶ ಇದೆ. ಸಾಮಾನ್ಯವಾಗಿ ನಾಯಿಯ ಮೈ ಅದನ್ನು ತಾನೇ ಮಾಡಿಕೊಳ್ಳುತ್ತದೆ, ಬೆಕ್ಕಿನ ಮೈಗೆ ಬೇಕಾದಷ್ಟು ಮಾಡಿಕೊಳ್ಳಲು ಆಗುವುದಿಲ್ಲ. ಊಟದಲ್ಲಿ ಸಿಗದಿದ್ದರೆ ಕಾಲಕ್ರಮದಲ್ಲಿ ಹೃದಯ, ಕಣ್ಣು ಎರಡೂ ಹಾಳು.

ವಿದ್ಯಾ ಅತ್ತೆ: ಮೊದಲನೆಯದಾದರೂ ಸರಿ ತಾನೆ? ಜಗಳ ಆಡಿ ಸರಿಹೋಗುವುದು?

ಸುಮಾ: ಇಲ್ಲ ಅತ್ತೆ. ಹೆದರಿದ ಬೆಕ್ಕು ಸರಿಹೋಗುವುದಿಲ್ಲ, ಮಂಚದ ಕೆಳಗೆ ಸೇರುತ್ತದೆ ಅಷ್ಟೇ. ಗುಂಡ ಬಂದಾಗ ಮೊದಲು ಅವು ಮಲಗುವ ಬಟ್ಟೆ ಅದಲುಬದಲು ಮಾಡಿ ಒಂದರ ವಾಸನೆ ಇನ್ನೊಂದಕ್ಕೆ ಪರಿಚಯ ಮಾಡಿಸಿದೆ, ಆಮೇಲೆ ಗೇಟಿನ ಆಚೆ ಈಚೆ, ಆಮೇಲೆ ಬೆಲ್ಟ್ ಹಿಡಿದು. ಮೂರು ಬೆಕ್ಕು ತಿಂಗಳೊಳಗೆ ಒಪ್ಪಿದವು. ಮಿಂಚು ಈಗಲೂ ಒಪ್ಪಿಲ್ಲ, ಕಪಾಟಿನ ಮೇಲಿಂದಲೇ ಸಂಸಾರ.

ಪ್ರಮೋದ್: ಮರಿ ಹೊರಗೆ ಬಂತು. ಔಷಧಿ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಮಾಮ, ಅಳಿಸಿದ್ರಾ?

ಶ್ರೀಧರ ಮಾಮ: ಈ ಮೆಸೇಜ್ ಅಳಿಸಲಾಗಿದೆ

ಶ್ರೀಧರ ಮಾಮ: ಇಲ್ಲಿ ಅಳಿಸಿದೆ. ಇನ್ನೂ ಮೂರು ಗುಂಪಿಗೆ ಹಾಕಿದ್ದೇನೆ.

ಸುಮಾ: ಅಲ್ಲೂ ಅಳಿಸಿ ಮಾಮ. ಸುಮ್ನೆ ಅಳಿಸಿದರೆ ಸಾಲದು, ಯಾಕೆ ಅಂತ ಎರಡು ಸಾಲು ಬರೆಯಿರಿ.

ಶ್ರೀಧರ ಮಾಮ: ಬರೆಯುತ್ತೇನೆ. ಒಂದರಲ್ಲಿ ಆಗಲೇ ಹದಿನಾಲ್ಕು ಜನ ಕೈ ಮುಗಿದಿದ್ದಾರೆ.