ಹೊಸ ವಿಷಯ ಗೊತ್ತಾದರೆ ಯಾರಿಗೆ ಹೇಳುತ್ತೀರಿ, ಹೇಗೆ ಹೇಳುತ್ತೀರಿ?

ಡೊಂಬಿವಲಿಯಿಂದ ಕೇಳುತ್ತಿದ್ದೇನೆ:

ನಾನು ಹುಬ್ಬಳ್ಳಿಯವಳು. ಮದುವೆಯಾಗಿ ಇಲ್ಲಿಗೆ ಬಂದು ಒಂದೂವರೆ ವರ್ಷವಾಯಿತು. ಚಿಕ್ಕಂದಿನಿಂದ ನನಗೊಂದು ಅಭ್ಯಾಸ. ಏನಾದರೂ ಹೊಸದು ಓದಿದರೆ, ಕಂಡರೆ, ಅದನ್ನು ಯಾರಿಗಾದರೂ ಹೇಳುವ ತನಕ ಸಮಾಧಾನವಿಲ್ಲ. ಊರಲ್ಲಿ ಅಪ್ಪ ಕೂತು ಕೇಳುತ್ತಿದ್ದರು, ಇಲ್ಲಿ ಕೇಳುವವರು ಸಿಗುತ್ತಿಲ್ಲ. ಮೊನ್ನೆ ಆಫೀಸಿನಲ್ಲಿ ಊಟದ ಹೊತ್ತಿಗೆ ಹೇಳಿದೆ: ನಮ್ಮ ದೇಶದ ಮೊದಲ ಪ್ರಯಾಣಿಕರ ರೈಲು 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಹೋಯಿತು, 34 ಕಿಲೋಮೀಟರ್, ಅದನ್ನು ಎಳೆದ ಮೂರು ಎಂಜಿನ್‌ಗಳಿಗೆ ಸಾಹಿಬ್, ಸಿಂಧ್, ಸುಲ್ತಾನ್ ಅಂತ ಹೆಸರಿತ್ತು. ಎಲ್ಲರೂ "ಹೌದಾ" ಅಂದರು, ಮತ್ತೆ ಡಬ್ಬಿ ಕಡೆ ತಿರುಗಿದರು. ಮನೆಯಲ್ಲಿ ಹೇಳಿದರೆ ಅತ್ತೆ "ಮೊದಲು ಊಟ ಮಾಡವ್ವಾ" ಅನ್ನುತ್ತಾರೆ. ಕನ್ನಡದವರ ವಾಟ್ಸಾಪ್ ಗುಂಪಿಗೆ ಹಾಕಿದರೆ ಎರಡು ಹೆಬ್ಬೆರಳು ಬರುತ್ತವೆ, ಅಷ್ಟೇ. ನಿಮಗೂ ಹೀಗೆ ಆಗಿದೆಯಾ? ನೀವೆಲ್ಲ ಏನು ಮಾಡುತ್ತೀರಿ, ಸ್ವಲ್ಪ ಹೇಳಿ.

ಕಲ್ಯಾಣದಿಂದ:

ತಂಗಿ, ನಿಮ್ಮ ರೈಲಿನ ವಿಷಯ ಚೆನ್ನಾಗಿಯೇ ಇದೆ. ಆದರೆ ಕೇಳಿದವರಿಗೆ ಮಾಡಲು ಏನೂ ಇರಲಿಲ್ಲ, "ಹೌದಾ" ಅನ್ನುವುದೊಂದನ್ನು ಬಿಟ್ಟರೆ. ಇದು ನನಗೆ ತಿಳಿಯಲು ಬಹಳ ವರ್ಷ ಬೇಕಾಯಿತು. ನಾನು ಕುಂದಾಪುರದ ಕಡೆಯವನು, ಹದಿನೇಳನೇ ವಯಸ್ಸಿಗೆ ಮಾಟುಂಗದ ಹೋಟೆಲಿಗೆ ಬಂದವನು, ರಾತ್ರಿ ಶಾಲೆಯಲ್ಲಿ ಓದಿ ಆಮೇಲೆ ಫೋರ್ಟ್‌ನಲ್ಲಿ ಒಂದು ಆಫೀಸು ಸೇರಿದೆ, ಅಲ್ಲೇ ನಿವೃತ್ತನಾದೆ. 26 ವರ್ಷ ಒಂದೇ ಗಾಡಿ, ಒಂದೇ ಡಬ್ಬಾ, ಹೆಚ್ಚುಕಡಿಮೆ ಅದೇ ಜನ. ನಾನು ಪೇಪರಿನಲ್ಲಿ ಓದಿದ್ದನ್ನು ದಿನಾ ಹೇಳುತ್ತಿದ್ದೆ, ಅವರು ದಿನಾ ತಲೆ ಆಡಿಸುತ್ತಿದ್ದರು.

ಒಂದು ದಿನ ಏನೂ ಹೇಳಲಿಲ್ಲ. ಕಿಸೆಯಿಂದ ಒಂದು ರೂಪಾಯಿ ನಾಣ್ಯ ತೆಗೆದು ಪಕ್ಕದವರ ಕೈಗೆ ಕೊಟ್ಟು, ಇಸವಿಯ ಕೆಳಗೆ ಏನಿದೆ ನೋಡಿ ಅಂದೆ. ಅವರು ಕನ್ನಡಕ ಮೇಲೆ ಮಾಡಿ ನೋಡಿದರು. ಒಂದು ಸಣ್ಣ ವಜ್ರದ ಗುರುತು ಇತ್ತು, ಇಸ್ಪೀಟಿನ ಡೈಮಂಡ್ ಇರುತ್ತದಲ್ಲ, ಹಾಗೆ. ಅದು ಮುಂಬೈ ಟಂಕಸಾಲೆಯ ಗುರುತು, ನಾವು ಇಳಿಯುವ ಫೋರ್ಟ್‌ನಲ್ಲೇ ಇದೆ, ರಿಸರ್ವ್ ಬ್ಯಾಂಕಿನ ಎದುರು. ನಕ್ಷತ್ರ ಇದ್ದರೆ ಹೈದರಾಬಾದ್, ಚುಕ್ಕಿ ಇದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತಾ. ಅಷ್ಟು ಹೇಳಿದ್ದೇ ತಡ, ಘಾಟ್‌ಕೋಪರ್ ಬರುವಷ್ಟರಲ್ಲಿ ಎಂಟು ಜನರ ಕಿಸೆಯ ಚಿಲ್ಲರೆಯೆಲ್ಲ ಹೊರಗೆ ಬಂದಿತ್ತು. ಒಬ್ಬ ಗುಜರಾತಿ ಮಿತ್ರರು ನಾಲ್ಕೂ ಗುರುತು ಸೇರಿಸಬೇಕು ಅಂತ ಹಟ ಹಿಡಿದು ಒಂದು ವಾರ ಹುಡುಕಿದರು. ಕೊನೆಗೆ ಚುಕ್ಕಿಯದು ಸಿಕ್ಕಿದ್ದು ವಡಾಪಾವಿನ ಗಾಡಿಯಲ್ಲಿ. ಅದನ್ನು ತೋರಿಸಲು ನಮಗಾಗಿ ಒಂದು ಗಾಡಿ ಬಿಟ್ಟು ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದರು.

ಇನ್ನೊಂದು, ಉತ್ತರವನ್ನು ಆಗಲೇ ಕೊಡಬೇಡಿ. ನೀವು ಡೊಂಬಿವಲಿಯವರು, ದಿನಾ ಇಂಡಿಕೇಟರ್ ನೋಡುತ್ತೀರಿ. ಕಸಾರಾ ಗಾಡಿಗೆ ಎನ್, ಕರ್ಜತ್ ಗಾಡಿಗೆ ಎಸ್ ಅಂತ ಯಾಕೆ? ಎರಡೂ ಹೆಸರು ಶುರುವಾಗುವುದು ಕೆ ಅಕ್ಷರದಿಂದ. ನಾನು ಇದನ್ನು ಸೋಮವಾರ ಕೇಳಿ ಸುಮ್ನೆ ಕೂತೆ. ಮಂಗಳವಾರ ಮೂರು ಜನ ಮೂರು ಉತ್ತರ ತಂದರು, ಒಬ್ಬರು ಮನೆಯಲ್ಲಿ ಮಗನ ಜೊತೆ ನಕಾಶೆ ಬಿಡಿಸಿ ನೋಡಿದ್ದರು, ಅವರದೇ ಸರಿ ಇತ್ತು. ಕಲ್ಯಾಣ ದಾಟಿದ ಮೇಲೆ ದಾರಿ ಎರಡಾಗುತ್ತದೆ, ಈಶಾನ್ಯಕ್ಕೆ ಹೋಗುವುದು ಕಸಾರಾ, ಆಗ್ನೇಯಕ್ಕೆ ಹೋಗುವುದು ಕರ್ಜತ್. ನಾರ್ತ್ ಈಸ್ಟ್, ಸೌತ್ ಈಸ್ಟ್. ನಾನೇ ಹೇಳಿಬಿಟ್ಟಿದ್ದರೆ ಆ ನಕಾಶೆ ಬಿಚ್ಚುತ್ತಿರಲಿಲ್ಲ, ಅಲ್ವಾ?

ಪುಣೆ, ಕೊಥ್ರೂಡ್‌ನಿಂದ:

ಅಣ್ಣ ಹೇಳಿದ್ದು ಪೂರ್ತಿ ನಿಜ. ತೋರಿಸಬೇಕು. ನಮ್ಮ ಸೊಸೈಟಿಯಲ್ಲಿ ನಾನು ಇದ್ದು ಆರು ವರ್ಷ, ಲಿಫ್ಟಿನಲ್ಲಿ ನಗುವುದು ಬಿಟ್ಟರೆ ಯಾರ ಪರಿಚಯವೂ ಇರಲಿಲ್ಲ. ಒಂದು ಮೇ ತಿಂಗಳು, 13ನೇ ತಾರೀಕು, ನೋಟಿಸ್ ಬೋರ್ಡಿನಲ್ಲಿ ಒಂದು ಚೀಟಿ ಅಂಟಿಸಿದೆ: ಇವತ್ತು ಮಧ್ಯಾಹ್ನ 12.31ಕ್ಕೆ ನಿಮ್ಮ ನೆರಳು ಕಾಣಿಸುವುದಿಲ್ಲ, ಬೇಕಾದರೆ ಕೆಳಗೆ ಬಂದು ನೋಡಿ. ಮಕ್ಕಳು 12 ಗಂಟೆಗೇ ಬಂದು ನಿಂತರು. ಆಮೇಲೆ ಅಜ್ಜಂದಿರು ಕೊಡೆ ಹಿಡಿದು ಬಂದರು. ನೀರಿನ ಬಾಟಲಿ, ಲಟ್ಟಣಿಗೆ, ಒಬ್ಬಳು ಅಡುಗೆಮನೆಯ ಸ್ಟೀಲ್ ಲೋಟ ತಂದಿದ್ದಳು. ನೆಟ್ಟಗೆ ನಿಲ್ಲಿಸಿದ ಎಲ್ಲದರ ನೆರಳೂ ಸಣ್ಣದಾಗುತ್ತಾ ಬಂದು ಬುಡದಲ್ಲೇ ಸೇರಿಹೋಯಿತು. ಬಿಸಿಲು ಸುಡುತ್ತಿತ್ತು, ಯಾರೂ ಕದಲಲಿಲ್ಲ.

ಮಧ್ಯಾಹ್ನ ದಿನಾ ಸೂರ್ಯ ನೆತ್ತಿಯ ಮೇಲೆ ಬರುತ್ತಾನೆ ಅಂತ ನಾವು ಅಂದುಕೊಂಡಿರುತ್ತೇವೆ. ಇಲ್ಲ. ನಮ್ಮಂಥ ಊರುಗಳಿಗೆ ವರ್ಷಕ್ಕೆ ಎರಡೇ ದಿನ, ದೆಹಲಿಗೆ ಒಂದು ದಿನವೂ ಇಲ್ಲ. ಪುಣೆಗೆ ಎರಡನೆಯದು ಜುಲೈ ಕೊನೆಗೆ ಬರುತ್ತದೆ, ಆಗ ಮೋಡ ಬಿಡುವುದಿಲ್ಲ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೇ ಆಗಿಬಿಡುತ್ತದೆ, ನನ್ನ ಅಕ್ಕ ಅಲ್ಲಿಂದ ಫೋನ್ ಮಾಡಿ ಹೇಳಿದ್ದರಿಂದಲೇ ನನಗೆ ಗೊತ್ತಾದದ್ದು. ನೀವು ಡೊಂಬಿವಲಿಯವರು ನಮಗಿಂತ ಎರಡು ಮೂರು ದಿನ ಕಾಯಬೇಕು, ಮೇ ಮಧ್ಯಕ್ಕೆ ಬಾಟಲಿ ತಯಾರಿಟ್ಟುಕೊಳ್ಳಿ.

ಆ ದಿನದಿಂದ ಜನ ತಾವಾಗಿ ಬಂದು ಹೇಳುತ್ತಾರೆ. ಶಿವಾಜಿನಗರದಲ್ಲಿ ಸಿಮ್ಲಾ ಆಫೀಸ್ ಅಂತ ಇದೆ, ಪುಣೆಯಲ್ಲಿ ಸಿಮ್ಲಾ ಯಾಕೆ ಅಂತ ನಾನು ಯೋಚಿಸಿರಲೇ ಇಲ್ಲ. ಮೂರನೇ ಮಹಡಿಯ ಅಜ್ಜ ಹೇಳಿದರು, ಹವಾಮಾನ ಇಲಾಖೆಯ ಕಚೇರಿ 1928ರಲ್ಲಿ ಶಿಮ್ಲಾದಿಂದ ಇಲ್ಲಿಗೆ ಬಂತು, ಹೆಸರನ್ನೂ ಜೊತೆಗೇ ತಂದಿತು.

ಚೆಂಬೂರಿನಿಂದ:

ನೀವೆಲ್ಲ ದೊಡ್ಡ ದೊಡ್ಡ ವಿಷಯ ಹೇಳಿದಿರಿ. ನನ್ನದು ಅಡುಗೆಮನೆಯದು. ನನ್ನ ಅನುಭವದಲ್ಲಿ ಅಲ್ಲಿ ಸಿಕ್ಕಿದ್ದೇ ಜಾಸ್ತಿ ದೂರ ಹೋಗುತ್ತದೆ.

ಮಗನ ಬಿಳಿ ಶರ್ಟಿನ ಮೇಲೆ ಹುಳಿ ಚೆಲ್ಲಿತ್ತು. ಸೋಪು ಹಚ್ಚಿದ ಕೂಡಲೇ ಹಳದಿ ಕಲೆ ರಕ್ತದ ಹಾಗೆ ಕೆಂಪಾಯಿತು. ಹೆದರಿ ನಿಂಬೆಹಣ್ಣು ಹಿಂಡಿದೆ, ಮತ್ತೆ ಹಳದಿ. ಆಗ ತಟ್ಟನೆ ನೆನಪಾಯಿತು, ಆರತಿಗೆ ಅಮ್ಮ ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿ ಕೆಂಪು ಮಾಡುತ್ತಿದ್ದಳಲ್ಲ, ಅದೇ ಇದು! ಅರಿಶಿನಕ್ಕೆ ಸುಣ್ಣ, ಸೋಪು, ಸೋಡಾ ಇಂಥ ಕ್ಷಾರ ತಾಗಿದರೆ ಕೆಂಪು, ಹುಳಿ ತಾಗಿದರೆ ಹಳದಿ. ಕುಂಕುಮವನ್ನೂ ಹೀಗೇ ಅರಿಶಿನ ಮತ್ತು ಸುಣ್ಣದಿಂದ ಮಾಡುತ್ತಿದ್ದರು. ಉಳಿದ ಕಲೆಗೆ ಬಿಸಿಲೇ ಮದ್ದು. ತೊಳೆದು ಬಿಸಿಲಿಗೆ ಹಾಕಿ, ಅರಿಶಿನದ ಬಣ್ಣ ಬೆಳಕಿಗೆ ನಿಲ್ಲುವುದಿಲ್ಲ. ಆ ಶರ್ಟ್ ಎರಡು ದಿನದಲ್ಲಿ ಸರಿಹೋಯಿತು.

ಇದನ್ನು ಎದುರು ಮನೆಯ ಮರಾಠಿ ಕಾಕೂಗೆ ಒಂದು ಬಟ್ಟಲು, ಒಂದು ಚಿಟಿಕೆ ಸುಣ್ಣ ಇಟ್ಟುಕೊಂಡು ತೋರಿಸಿದೆ. ಸುಣ್ಣ ತಂದದ್ದು ಅವರೇ, ಎಲೆಡಿಕೆ ಹಾಕುವವರು. ಜೊತೆಗೆ ಅವರ ಅಡಕಿತ್ತಾ ಕೂಡ ಬಂತು, ಹಳೆಯ ಹಿತ್ತಾಳೆಯದು, ಗಿಣಿಯ ತಲೆ ಇರುವುದು. ನಾನು ಇದಕ್ಕೆ ನಮ್ಮಲ್ಲಿ ಅಡಕತ್ತರಿ ಅನ್ನುತ್ತೇವೆ, ಅಡಕೆ ಕತ್ತರಿಸುವುದು ಅಂತ, ಅಂದೆ. ಕಾಕೂ ಸುಮ್ಮನಾದರು. ಅವರ ಭಾಷೆಯಲ್ಲಿ ಅಡಕೆಗೆ ಸುಪಾರಿ ಅನ್ನುತ್ತಾರೆ, ಹಾಗಾದರೆ ಅಡಕಿತ್ತಾದಲ್ಲಿ ಅಡಕೆ ಎಲ್ಲಿಂದ ಬಂತು? ಎಪ್ಪತ್ತು ವರ್ಷ ಆಡಿದ ಮಾತಿನೊಳಗೆ ಕನ್ನಡ ಕೂತಿತ್ತು. ಮರುದಿನ ಅವರೇ ಬಾಗಿಲು ತಟ್ಟಿ, ನಮ್ಮ ತೂಪವೂ ನಿಮ್ಮ ತುಪ್ಪವೇ ತಾನೇ, ಅಂದರು. ಈಗ ಫ್ರಿಜ್ ಮೇಲೆ ಒಂದು ಚೀಟಿ ಇದೆ, ಅಂಥ ಶಬ್ದ ಸಿಕ್ಕಾಗಲೆಲ್ಲ ಇಬ್ಬರೂ ಬರೆಯುತ್ತೇವೆ. ನಿಮ್ಮ ಅತ್ತೆಗೂ ಹೀಗೆ ಮಾಡಿ ನೋಡಿ ತಂಗಿ, ಊಟದ ಹೊತ್ತು ಬೇಡ, ಕೈಯಲ್ಲಿ ಕೆಲಸ ಇರುವಾಗ. ಸೊಪ್ಪು ಬಿಡಿಸುವಾಗ ಎಲ್ಲರಿಗೂ ಕಿವಿ ಇರುತ್ತದೆ.

ಗೋವಾ, ವಾಸ್ಕೋದಿಂದ:

ಒಂದು ಎಚ್ಚರಿಕೆಯ ಮಾತು ಹೇಳಲೇಬೇಕು. 2016ರ ನವೆಂಬರಿನಲ್ಲಿ ಎರಡು ಸಾವಿರದ ನೋಟು ಬಂದಾಗ ಅದರಲ್ಲಿ ಚಿಪ್ ಇದೆ, ಭೂಮಿಯೊಳಗೆ ಹೂತರೂ ಗೊತ್ತಾಗುತ್ತದೆ ಅಂತ ಎಲ್ಲ ಕಡೆ ಹರಡಿತ್ತು. ನಾನೂ ಖುಷಿಯಿಂದ ಊರಿನ ಗುಂಪಿಗೆ, ಕೆಲಸದ ಗುಂಪಿಗೆ ಕಳಿಸಿದೆ. ಅಂಥದ್ದೇನೂ ಇರಲಿಲ್ಲ. ತಪ್ಪು ಹೇಳಿದೆ ಅಂತ ಎರಡೂ ಕಡೆ ಬರೆದೆ. ಆದರೂ ನಂಬಿದ ಒಬ್ಬ ಹಿರಿಯರು ಎಷ್ಟೋ ದಿನ ಆ ನೋಟು ಮುಟ್ಟಲು ಹೆದರುತ್ತಿದ್ದರು, ಅದು ನನ್ನನ್ನು ಇವತ್ತಿಗೂ ಕಾಡುತ್ತದೆ. ಆವತ್ತಿನಿಂದ ನಾನು ಕಣ್ಣಿಂದ ನೋಡಬಹುದಾದದ್ದನ್ನು, ಇಲ್ಲವೇ ಎರಡು ಒಳ್ಳೆಯ ಪುಸ್ತಕದಲ್ಲಿ ಸಿಕ್ಕಿದ್ದನ್ನು ಮಾತ್ರ ಹೇಳುತ್ತೇನೆ. ವಿಷಯ ಎಷ್ಟು ಆಶ್ಚರ್ಯದ್ದೋ ಅಷ್ಟು ಹೆಚ್ಚು ಪರೀಕ್ಷೆ.

ಮತ್ತೆ ಹೊತ್ತು ನೋಡಿ ಹೇಳಬೇಕು. ಪಗಾರ ಅನ್ನುವುದು ಪೋರ್ಚುಗೀಸ್ ಮಾತು, ಅವರ ಭಾಷೆಯಲ್ಲಿ ಪಗಾರ್ ಅಂದರೆ ಹಣ ಕೊಡು. ಚಾವಿಯೂ ಅವರದೇ, ಬಟಾಟೆಯೂ ಅವರ ಜೊತೆ ಬಂದದ್ದೇ. ಇದನ್ನು ಸುಮ್ಮನೆ ಹೇಳಿದಾಗ ಯಾರೂ ಕೇಳಲಿಲ್ಲ. ಪಗಾರದ ದಿನ ಹೇಳಿದೆ, ಗದಗ, ಬಿಜಾಪುರದ ಕಡೆಯ ಹುಡುಗರೆಲ್ಲ ಸುತ್ತ ಸೇರಿ ಇನ್ನೂ ಯಾವುದು ಹೇಳಿ ಅಂದರು. ಮೆಣಸಿನಕಾಯಿ ಹೇಳಿದೆ. ಮೆಣಸು ನಮ್ಮ ಘಟ್ಟದ್ದು. ಮೆಣಸಿನಕಾಯಿ ಅಮೆರಿಕದ ಗಿಡ, ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು, ಮೆಣಸಿನ ಹಾಗೆ ಖಾರ ಇರುವ ಕಾಯಿ ಅಂತ ನಮ್ಮವರು ಆ ಹೆಸರು ಇಟ್ಟರು. ನಮ್ಮ ಅಂಕೋಲೆಯ ಕಡೆ ಸಾರಿಗೆ ಎರಡೂ ಹಾಕುತ್ತಾರೆ, ನಾನು ಹೆಸರನ್ನು ಬಿಡಿಸಿ ನೋಡಿದ್ದು ಐವತ್ತು ದಾಟಿದ ಮೇಲೆ.

ಇಲ್ಲಿ ಓಡಾಡುವ ಸರ್ಕಾರಿ ಬಸ್ಸಿನ ಮೇಲೆ ಕದಂಬ ಅಂತ ಬರೆದಿರುತ್ತದೆ. 1980ರಲ್ಲಿ ಶುರುವಾದ ಸಂಸ್ಥೆ, ಗೋವೆ ಆಳಿದ ಕದಂಬರ ಹೆಸರು. ಅವರು ನಮ್ಮ ಬನವಾಸಿ ಕದಂಬರ ವಂಶ ಅಂತ ಹೇಳಿಕೊಂಡವರು. ಊರಿಂದ ಬಂದ ಹುಡುಗರಿಗೆ ಇದನ್ನು ಬಸ್ ಸ್ಟ್ಯಾಂಡಿನಲ್ಲೇ ನಿಂತು ತೋರಿಸುತ್ತೇನೆ. ಪರ ಊರು ಅನ್ನುವ ಅಂಜಿಕೆ ಸ್ವಲ್ಪ ಇಳಿಯುವುದು ಅವರ ಮುಖದಲ್ಲಿ ಕಾಣುತ್ತದೆ.

ಮತ್ತೆ ಡೊಂಬಿವಲಿಯಿಂದ, ಎರಡು ವಾರದ ಮೇಲೆ:

ಎಲ್ಲರಿಗೂ ಥ್ಯಾಂಕ್ಸ್. ಕಲ್ಯಾಣದ ಅಣ್ಣ ಹೇಳಿದ ನಾಣ್ಯವನ್ನು ಲೇಡೀಸ್ ಡಬ್ಬಾದಲ್ಲಿ ತೋರಿಸಿದೆ. ನಾಲ್ಕು ಜನ ಪರ್ಸ್ ತೆಗೆದರು, ಒಬ್ಬಳಿಗೆ ನಕ್ಷತ್ರ ಸಿಕ್ಕಿತು. ಕ್ಲಿಪ್ಪು, ಕಿವಿಯೋಲೆ ಮಾರುವ ಒಬ್ಬ ಅಕ್ಕ ಅಲ್ಲೇ ನಿಂತಿದ್ದರು, ಅವರಿಗೆ ಕಣ್ಣು ಕಾಣುವುದಿಲ್ಲ. ಮಾತು ಕೇಳಿಸಿಕೊಂಡು, ನೋಟು ಕೊಡಿ, ನಾನು ಒಂದು ಹೇಳುತ್ತೇನೆ ಅಂದರು. ನೋಟಿನ ಎಡ ಬಲ ಅಂಚಿನಲ್ಲಿ ಉಬ್ಬಿದ ಓರೆ ಗೆರೆಗಳಿವೆ. ನೂರಕ್ಕೆ ನಾಲ್ಕು. ಇನ್ನೂರಕ್ಕೂ ನಾಲ್ಕೇ, ಆದರೆ ನಡುವೆ ಎರಡು ಸಣ್ಣ ವೃತ್ತ. ಐನೂರಕ್ಕೆ ಐದು. ನನ್ನ ಬೆರಳು ಹಿಡಿದು ಅದರ ಮೇಲೆ ಓಡಿಸಿದರು. ಮೊದಲ ಸಲ ಏನೂ ತಿಳಿಯಲಿಲ್ಲ. ಕಣ್ಣು ಮುಚ್ಚಿ ಅಂದರು. ಮುಚ್ಚಿದ ಮೇಲೆ ತಿಳಿಯಿತು. ದಿನಾ ಮುಟ್ಟುವ ನೋಟು, ಅಷ್ಟು ದಿನ ಆ ಗೆರೆ ನನ್ನ ಬೆರಳಿಗೆ ಸಿಕ್ಕಿರಲಿಲ್ಲ. ಠಾಣೆಯಲ್ಲಿ ಅವರು ಇಳಿದುಹೋದರು, ನಾನು ಕ್ಲಿಪ್ಪು ಕೊಳ್ಳುವುದನ್ನೂ ಮರೆತೆ.

ಆ ಸಂಜೆ ಅತ್ತೆ ಸೊಪ್ಪು ಬಿಡಿಸುತ್ತಿದ್ದರು. ಏನೂ ಹೇಳದೆ ಪಕ್ಕದಲ್ಲಿ ಕೂತು, ಕೈ ಒರೆಸಿಕೊಳ್ಳಿ, ಕಣ್ಣು ಮುಚ್ಚಿ ಅಂದೆ. ಎರಡು ನೋಟು ಕೊಟ್ಟೆ. ಅವರು ಒಂದನ್ನು ಪಕ್ಕಕ್ಕಿಟ್ಟು, ಇದು ಹಳೇದು, ಗೆರೆ ಸವೆದಿದೆ, ಗರಿಗರಿ ಇರೋದು ತಾ ಅಂದರು. ಮೂರನೇ ಸಲಕ್ಕೆ ಸರಿಯಾಗಿ ಐನೂರು ಅಂದರು. ಆಮೇಲೆ ಮಾವನನ್ನು ಕರೆದು ಕೂರಿಸಿದರು.