ಬೋಟಿನವರಿಗೆ ಬೀಡಿ ಬಿಡಿಸುವಾಗ ನಿಕೋಟಿನ್ ಗಮ್ ಯಾಕೆ ಕೈಕೊಡುತ್ತದೆ?

ಬಂದರು_ಕಾರ್ಯಕರ್ತೆ:
ಕಾರವಾರದ ಬೈತಖೋಲ ಬಂದರಿನ ಬೋಟು ಕೆಲಸದವರಿಗೆ ಆಪ್ತಸಮಾಲೋಚನೆ ಜೊತೆ 2 ಮಿ.ಗ್ರಾಂ ನಿಕೋಟಿನ್ ಗಮ್ (ಬೀಡಿ ಬದಲು ಅಗಿಯಲು ಕೊಡುವ, ನಿಕೋಟಿನ್ ಇರುವ ಗಮ್) ಕೊಡಿಸುತ್ತಿದ್ದೇವೆ. ಹೆಚ್ಚಿನವರದು ದಿನಕ್ಕೆ ಒಂದು ಕಟ್ಟು ಬೀಡಿ, ಮುಖ ತೊಳೆಯುವ ಮೊದಲೇ ಒಂದು. ನಾಲ್ಕನೇ ದಿನಕ್ಕೆ "ಗಂಟಲು ಉರೀತದೆ, ಬಿಕ್ಕಳಿಕೆ ಬರ್ತದೆ, ಆಸೆ ಮಾತ್ರ ಹೋಗ್ಲಿಲ್ಲ" ಅಂತ ವಾಪಸ್ ತಂದಿಡುತ್ತಾರೆ. ತಪ್ಪುವುದು ಎಲ್ಲಿ? ಮಾತ್ರೆಗೆ ಹೋಗಬೇಕಾ?

ಔಷಧಿ_ಅಂಗಡಿ_ಕಾರವಾರ:
ಬಿಕ್ಕಳಿಕೆ ಅಂದರೆ ರಸ ನುಂಗುತ್ತಿದ್ದಾರೆ ಅಂತಲೇ ಲೆಕ್ಕ. ಬಬಲ್‌ಗಮ್ ಹಾಗೆ ಒಂದೇ ಸಮ ಅಗಿದರೆ ನಿಕೋಟಿನ್ ಎಂಜಲ ಜೊತೆ ಹೊಟ್ಟೆಗೆ ಹೋಗುತ್ತದೆ. ಅಲ್ಲಿ ಉರಿ ಎಬ್ಬಿಸುತ್ತದೆ, ಉಳಿದದ್ದರಲ್ಲಿ ಬಹುಪಾಲನ್ನು ಲಿವರ್ ಮುಗಿಸುತ್ತದೆ. ತಲೆಗೆ ಏರುವುದು ಕಡಿಮೆ.

ನಿಧಾನ ಅಗಿಯಬೇಕು. ಕಾಳುಮೆಣಸು ಕಚ್ಚಿದ ಹಾಗೆ ಚುರ್ ಅಂದ ಕೂಡಲೇ ನಿಲ್ಲಿಸಿ ಕೆನ್ನೆ, ಒಸಡಿನ ಮಧ್ಯೆ ಒತ್ತಿಡಬೇಕು. ಚುರುಚುರು ಇಳಿದ ಮೇಲೆ ಮತ್ತೆ ನಾಲ್ಕು ಸಲ ಅಗಿದು ಇನ್ನೊಂದು ಬದಿಗೆ. ಒಂದು ಗಮ್ ಅರ್ಧ ಗಂಟೆ. ಕವಳ (ಎಲೆ-ಅಡಿಕೆ) ಹಾಕುವವರಿಗೆ "ದವಡೆಯಲ್ಲಿ ಕವಳ ಇಟ್ಟ ಹಾಗೆ" ಅಂದರೆ ಸಾಕು, ಒಂದೇ ಸಲಕ್ಕೆ ತಿಳಿಯುತ್ತದೆ.

ಚಹಾ, ಕೋಕಂ ಪಾನಕ, ಮಜ್ಜಿಗೆ ಕುಡಿದು 15 ನಿಮಿಷ ಗಮ್ ಬೇಡ, ಗಮ್ ಬಾಯಲ್ಲಿದ್ದಾಗಲೂ ಇವು ಬೇಡ. ಹುಳಿ ಇದ್ದ ಬಾಯಿ ನಿಕೋಟಿನ್ ಹೀರುವುದಿಲ್ಲ. ಕವಳದ ಸುಣ್ಣ ಇದಕ್ಕೆ ಉಲ್ಟಾ, ಅದಿದ್ದರೆ ತಂಬಾಕು ಬೇಗ ಏರುತ್ತದೆ. ಗಮ್‌ನಲ್ಲೂ ಅದೇ ಕೆಲಸಕ್ಕೆ ಕ್ಷಾರ ಸೇರಿಸಿರುತ್ತಾರೆ.

ಎದ್ದ ಅರ್ಧ ಗಂಟೆಯೊಳಗೆ ಮೊದಲ ಬೀಡಿ ಸೇದುವವರಿಗೆ 2 ಸಾಲದು, 4 ಮಿ.ಗ್ರಾಂ ಬೇಕು. ಅದಕ್ಕೆ ಡಾಕ್ಟರ ಚೀಟಿ ಬೇಕು. ಮೊದಲ 6 ವಾರ ಎಚ್ಚರ ಇರುವಷ್ಟು ಹೊತ್ತು ಗಂಟೆ–ಎರಡು ಗಂಟೆಗೊಂದು. ದಿನಕ್ಕೆ ಮೂರು ತಿಂದು "ಕೆಲಸ ಮಾಡ್ಲಿಲ್ಲ" ಅನ್ನುವವರೇ ಜಾಸ್ತಿ.

ಡಾಕ್ಟರ್_ಘಟ್ಟದಮೇಲೆ (ಶಿರಸಿ):
ಮೇಲಿನದು ಸರಿ. ಅದನ್ನು ಸರಿಪಡಿಸದೆ ಮಾತ್ರೆಗೆ ಹಾರಬೇಡಿ. ಆಮೇಲೂ ಆಗದಿದ್ದರೆ ವಾರೆನಿಕ್ಲಿನ್ (ಬೀಡಿ ಬಿಡಿಸುವ ಮಾತ್ರೆ): 3 ದಿನ 0.5 ಮಿ.ಗ್ರಾಂ ಒಂದು ಹೊತ್ತು, ಮುಂದಿನ 4 ದಿನ ಅದೇ ಎರಡು ಹೊತ್ತು, 8ನೇ ದಿನದಿಂದ 1 ಮಿ.ಗ್ರಾಂ ಎರಡು ಹೊತ್ತು, ಒಟ್ಟು 12 ವಾರ. ಬೀಡಿ ನಿಲ್ಲಿಸುವುದು ಸಾಮಾನ್ಯವಾಗಿ 8ನೇ ದಿನ. ಓಕರಿಕೆ ಬರುತ್ತದೆ, ಊಟದ ಮೇಲೆ ತುಂಬಿದ ಲೋಟ ನೀರಿನ ಜೊತೆ ನುಂಗಿಸಿ. ಕಿಡ್ನಿ ತೀರಾ ಕೆಟ್ಟಿದ್ದರೆ ಡೋಸ್ ಇಳಿಸಬೇಕು.

ಬೀಡಿ ಬಿಡಿಸುವ ಇನ್ನೊಂದು ಮಾತ್ರೆ ಬುಪ್ರೊಪಿಯಾನ್, ಅದನ್ನು ಬೋಟಿನವರಿಗೆ ನಾನಂತೂ ಬರೆಯಲು ಹಿಂಜರಿಯುತ್ತೇನೆ. ದಡದಲ್ಲಿ ದಿನಾ ಕುಡಿದು, ಬೋಟು ಹತ್ತಿದ ಮೇಲೆ ಒಮ್ಮೆಲೇ ಹೆಂಡ ನಿಲ್ಲುವವನಿಗೆ ಫಿಟ್ಸ್ ಬರುವ ಅಪಾಯ ಮೊದಲೇ ಇದೆ, ಈ ಮಾತ್ರೆ ಅದನ್ನು ಹೆಚ್ಚಿಸುತ್ತದೆ. ಅದೂ ನಡುಸಮುದ್ರದಲ್ಲಿ! ಮುಂಚೆ ಫಿಟ್ಸ್ ಬಂದವರಿಗಂತೂ ಕೊಡಲೇಬಾರದು.

ಇನ್ನೊಂದು, ಬೀಡಿ ಬಿಟ್ಟವ ಹೊಗೆಸೊಪ್ಪಿನ ಕವಳಕ್ಕೆ ಇಳಿದಿದ್ದಾನಾ ಕೇಳಿ. "ಬೀಡಿ ಬಿಟ್ಟೆ" ಅನ್ನುವುದು ಸುಳ್ಳಲ್ಲ, ಆದರೆ ನಿಕೋಟಿನ್ ಬಿಟ್ಟಿರುವುದಿಲ್ಲ.

ಬಂದರು_ಕಾರ್ಯಕರ್ತೆ:
ಕವಳ ಕೇಳಿರಲೇ ಇಲ್ಲ! ನಿಕೋಟಿನ್ ಪ್ಯಾಚ್ (ಚರ್ಮಕ್ಕೆ ಅಂಟಿಸುವ ಪಟ್ಟಿ) ಆಗುತ್ತದಾ? ಬಿಡುವ ದಿನ ಯಾವಾಗ ಇಡಲಿ?

ಆಪ್ತಸಮಾಲೋಚಕ_ಕುಮಟಾ:
ಪ್ಯಾಚ್, ಗಮ್ ಎರಡೂ ಸೇರಿದರೆ ಒಂದಕ್ಕಿಂತ ಒಳ್ಳೆಯದು. ಆದರೆ ಬಲೆ ಎಳೆಯುವ ಬೆವರಿಗೆ ಪ್ಯಾಚ್ ಕಿತ್ತು ಬರುತ್ತದೆ. ದಡದಲ್ಲಿದ್ದಾಗ ತೋಳಿನ ಮೇಲ್ಭಾಗದಲ್ಲಿ, ಒಣಗಿದ, ಕೂದಲಿಲ್ಲದ ಕಡೆ, ದಿನಾ ಜಾಗ ಬದಲಿಸಿ ಅಂಟಿಸಲಿ.

ದಿನ: ಜೂನ್ ಮೊದಲ ವಾರ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ. ಬೀಡಿ ಬಿಟ್ಟಾಗಿನ ಚಡಪಡಿಕೆ, ಸಿಟ್ಟು, ನಿದ್ದೆಗೇಡು ಮೊದಲ ವಾರದಲ್ಲೇ ಜೋರು, ಮೂರು-ನಾಲ್ಕು ವಾರಕ್ಕೆ ಇಳಿಯುತ್ತವೆ. ಅಷ್ಟೂ ದಿನ ಅವರು ನಿಮ್ಮ ಕೈಗೆ ಸಿಗುತ್ತಾರೆ. ಆದರೆ ಖಾಲಿ ಕೂತವನ ಕೈ ಬೀಡಿಗೇ ಹೋಗುವುದು. ಬಲೆ ಹೊಲಿಯುವಾಗ, ಚಹಾದಂಗಡಿಯಲ್ಲಿ, ಊಟದ ನಂತರ, ಯಾವ ಹೊತ್ತಿಗೆ ಬೀಡಿ ಬದಲು ಏನು ಮಾಡುತ್ತಾರೆ ಅಂತ ಅವರ ಬಾಯಿಂದಲೇ ಹೇಳಿಸಿ ಬರೆದಿಡಿ. ಒಂದು ಸಲದ ಆಸೆ ಐದು–ಹತ್ತು ನಿಮಿಷದ್ದು.

ಆಗಸ್ಟ್‌ನಲ್ಲಿ ಬೋಟು ಹೊರಡುವ ಮೊದಲು ಇಡೀ ಟ್ರಿಪ್ಪಿಗೆ ಸಾಕಾಗುವ ಗಮ್ ಕೊಡಿಸಿ, ನೀರು ತಾಗದ ಡಬ್ಬಿಯಲ್ಲಿ. ಜೊತೆಯವರಿಗೆ "ಇವನಿಗೆ ಬೀಡಿ ಕೊಡಬೇಡಿ" ಅಂತ ಅವನೆದುರೇ ಹೇಳಿ. ತಂಬಾಕು ಬಿಡಿಸುವ ಸಹಾಯವಾಣಿ (ಕ್ವಿಟ್‌ಲೈನ್) 1800-11-2356ಕ್ಕೆ ದಡದಲ್ಲಿರುವಾಗಲೇ ಫೋನ್ ಮಾಡಿಸಿ, ಕನ್ನಡದಲ್ಲೂ ಮಾತಾಡುತ್ತಾರೆ. ಆಳ ಸಮುದ್ರದಲ್ಲಿ ನೆಟ್‌ವರ್ಕ್ ಇರುವುದಿಲ್ಲ. ವಾಪಸ್ ಬಂದ ದಿನ ಒಂದೆರಡು ಸೇದಿದ್ದೆ ಅಂದರೆ ಬೈಯಬೇಡಿ. ಯಾವ ಹೊತ್ತಿಗೆ, ಯಾರ ಕೈಯಿಂದ ಅಂತ ಕೇಳಿ, ಗಮ್ ಮುಂದುವರಿಸಿ.