ಬೋರ್‌ವೆಲ್ ಕೇಸಿಂಗ್ ಬುಡದಲ್ಲಿ ಕೊಳೆನೀರು ಒಸರುತ್ತಿದೆ, ಪ್ಯಾಕರ್ ಹಾಕಬಹುದೇ? – ಪ್ರಶ್ನೋತ್ತರ

ಪ್ರಶ್ನೆ (ದೊಡ್ಡಬಳ್ಳಾಪುರ): ಸರ್, ನಮ್ಮದು ಆರೂವರೆ ಇಂಚಿನ ಬೋರು, 620 ಅಡಿ. 60 ಅಡಿವರೆಗೆ 7 ಇಂಚಿನ ಪಿವಿಸಿ ಕೇಸಿಂಗ್ ಇದೆ. ಮಳೆ ಬಂದ ಎರಡು ದಿನಕ್ಕೆ ನೀರು ಕದಡುತ್ತೆ, ವಾಸನೆ ಬರುತ್ತೆ. ಲ್ಯಾಬಿನಲ್ಲಿ ಇ-ಕೊಲೈ (ಮಲದಿಂದ ಬರುವ ಬ್ಯಾಕ್ಟೀರಿಯಾ) ಇದೆ ಅಂತ ಬಂತು, ನೈಟ್ರೇಟ್ 70 ಮಿಲಿಗ್ರಾಂ. ಕ್ಯಾಮೆರಾ ಬಿಟ್ಟು ನೋಡಿದಾಗ 60–62 ಅಡಿಯಲ್ಲಿ, ಕೇಸಿಂಗ್ ಮುಗಿಯುವ ಜಾಗದಲ್ಲೇ, ಗೋಡೆಯಿಂದ ನೀರು ಧಾರೆಯಾಗಿ ಬೀಳ್ತಿರೋದು ಕಂಡಿತು. ಒಳಗಿನ ನೀರಿನ ಮಟ್ಟ 180 ಅಡಿ. ಒಳಗೆ ಇನ್ನೊಂದು ಪೈಪ್ ಇಳಿಸಿ, ಆ ಪೈಪಿಗೂ ಬೋರಿನ ಗೋಡೆಗೂ ನಡುವಿನ ಸಂದು ಮುಚ್ಚುವ ರಬ್ಬರ್ ಪ್ಯಾಕರ್ ಕೂರಿಸಿದರೆ ನಿಲ್ಲುತ್ತೆ ಅಂತಾರೆ. ನಿಜವೇ? ಹೇಗೆ ಮಾಡೋದು?

ಉತ್ತರ (ಡ್ರಿಲ್ಲಿಂಗ್ ಎಂಜಿನಿಯರ್): ನಿಲ್ಲುತ್ತೆ. ಆದರೆ ನೀರನ್ನು ಕಾಯಂ ಆಗಿ ತಡೆಯೋದು ಸಿಮೆಂಟು, ರಬ್ಬರ್ ಅಲ್ಲ. ಸಿಮೆಂಟ್ ಗಟ್ಟಿಯಾಗುವವರೆಗೆ ಅದು ಕೆಳಗೆ ಸುರಿದುಹೋಗದಂತೆ ಹಿಡಿದುಕೊಳ್ಳೋದು ಪ್ಯಾಕರ್ ಕೆಲಸ. ಇದನ್ನು ಮರೆತು ಬರೀ ರಬ್ಬರ್ ನಂಬಿ ಬಿಟ್ಟ ಬೋರುಗಳಲ್ಲಿ ಕೆಲವು ವರ್ಷಕ್ಕೆ ಮತ್ತೆ ಒಸರು ಶುರುವಾಗುತ್ತೆ. ರಬ್ಬರ್ ಕಾಲಕ್ರಮೇಣ ಬಿಗಿ ಕಳೆದುಕೊಳ್ಳುತ್ತೆ, ಬಂಡೆಯ ಮೈ ಕೂಡ ಕನ್ನಡಿಯ ಹಾಗೆ ನುಣುಪಾಗಿರಲ್ಲ.

ಮೊದಲು ಜಾಗ ನಿಗದಿ ಮಾಡಿ. ನಿಮ್ಮ ಕೇಸಿಂಗ್ ಬಹುಶಃ ಗರಸಿನಲ್ಲೇ ನಿಂತಿದೆ, ಗಟ್ಟಿ ಬಂಡೆಯೊಳಗೆ ಸಾಕಷ್ಟು ಹೊಕ್ಕಿಲ್ಲ. ಕ್ಯಾಮೆರಾ ವಿಡಿಯೋವನ್ನು 62ರಿಂದ 100 ಅಡಿವರೆಗೆ ನಿಧಾನವಾಗಿ ಮತ್ತೆ ನೋಡಿ. ಕನಿಷ್ಠ 5–6 ಅಡಿ ಉದ್ದಕ್ಕೆ ಬಿರುಕಿಲ್ಲದ, ಒಂದೇ ಬಣ್ಣದ, ತೇವ ಜಿನುಗದ ಗೋಡೆ ಎಲ್ಲಿದೆಯೋ ಅಲ್ಲಿ ಪ್ಯಾಕರ್ ಕೂರಬೇಕು. ಅದು 80 ಅಡಿ, ಅಂದರೆ 24 ಮೀಟರ್ ಅಂತ ಇಟ್ಟುಕೊಂಡು ಲೆಕ್ಕ ಹೇಳ್ತೀನಿ. ನೆಟ್ಟಗೆ ನಿಂತ ಬಿರುಕು ಕಂಡರೆ ಇನ್ನೂ ಕೆಳಗೆ ಹೋಗಿ. ಅಂಥ ಬಿರುಕು ರಬ್ಬರಿನ ಹಿಂದಿನಿಂದಲೇ ನೀರನ್ನು ದಾಟಿಸಿಬಿಡುತ್ತೆ.

ಆಮೇಲೆ ಅಳತೆ. ಬೋರು ಕೊರೆದ ಬಿಟ್ 165 ಮಿಮೀ. ಕೇಸಿಂಗ್ 180 ಮಿಮೀ ಹೊರವ್ಯಾಸ, 7 ಮಿಮೀ ದಪ್ಪ ಇದ್ದರೆ ಒಳಗೆ 166 ಸಿಗುತ್ತೆ. ಒಳಪೈಪು 125 ಮಿಮೀ ಹೊರವ್ಯಾಸದ್ದು ತಗೊಳ್ಳಿ, ಐಎಸ್ 12818 ಗುರುತಿನ ಕೇಸಿಂಗ್ ಪೈಪೇ ಆಗಬೇಕು, ಚರಂಡಿ ಪೈಪ್ ಬೇಡ. 5 ಮಿಮೀ ದಪ್ಪದ್ದಾದರೆ ಒಳಗೆ 115 ಉಳಿಯುತ್ತೆ, 4 ಇಂಚಿನ ಪಂಪು ಕೇಬಲ್ ಸಮೇತ ಇಳಿಯುತ್ತೆ. ಈಗ 6 ಇಂಚಿನ ಪಂಪ್ ಇದ್ದರೆ ಅದನ್ನು ಬಿಟ್ಟುಬಿಡಬೇಕು. ಕೆಲಸ ಮುಗಿದ ಮೇಲೆ ಇದು ಗೊತ್ತಾಗಬಾರದು, ಅದಕ್ಕೇ ಮೊದಲೇ ಹೇಳ್ತಿದ್ದೀನಿ.

ಪ್ರಶ್ನೆ (ಅದೇ ಸದಸ್ಯರು): ನಮ್ಮದು 4 ಇಂಚಿನ ಪಂಪೇ ಸರ್. ಪ್ಯಾಕರ್ ಒಳಗೆ ಏನೇನಿರುತ್ತೆ? ಸ್ಥಳೀಯ ಲೇತ್‌ನಲ್ಲಿ ಮಾಡಿಸಬಹುದಾ?

ಉತ್ತರ: ಮಾಡಿಸಬಹುದು. ಎಳೆದು ಬಿಗಿಸುವ ಮಾದರಿ ಇದಕ್ಕೆ ಸಾಕು. ನಡುವೆ 125 ಹೊರವ್ಯಾಸದ ಉಕ್ಕಿನ ಕೊಳವೆ. ಅದರ ಕೆಳತುದಿಗೆ ಬೆಸುಗೆ ಹಾಕಿದ ಬಳೆ. ಅದರ ಮೇಲೆ 155 ಮಿಮೀ ಹೊರವ್ಯಾಸದ, ತಲಾ 150 ಮಿಮೀ ಉದ್ದದ, ಕೊಳವೆಯನ್ನು ಸುತ್ತುವರಿಯುವ ಮೂರು ರಬ್ಬರ್ ತೋಳುಗಳು, ನಡುನಡುವೆ ಉಕ್ಕಿನ ವಾಷರ್. ಎಲ್ಲಕ್ಕೂ ಮೇಲೆ ಇನ್ನೊಂದು ಬಳೆ, ಇದು ಪಿವಿಸಿ ಒಳಪೈಪಿಗೆ ಥ್ರೆಡ್ ಆಗುವ ಹೊರಕವಚದ ಭಾಗ. ಕೊಳವೆಯನ್ನು ಮೇಲಕ್ಕೆಳೆದಾಗ ಕೆಳಬಳೆ ಏರಿ ರಬ್ಬರನ್ನು ಮೇಲಿನ ಬಳೆಗೆ ಒತ್ತುತ್ತೆ. ಕೊಳವೆಯ ಮೈಮೇಲೆ ಗರಗಸದ ಹಲ್ಲಿನಂಥ ಗೆರೆಗಳು, ಕವಚದೊಳಗೆ ಅದನ್ನು ಕಚ್ಚುವ ಸೀಳಿದ ರಿಂಗ್. ಏರಿದ್ದು ಮತ್ತೆ ಇಳಿಯಲ್ಲ. ಇದೇ ಇಡೀ ಸಾಧನದ ಜೀವ. ಲೇತ್‌ನವರು ಅಸಡ್ಡೆ ಮಾಡುವುದೂ ಇಲ್ಲೇ, ಹಲ್ಲಿನ ಅಂತರ 3 ಮಿಮೀ ಮೀರದಂತೆ ನಿಂತು ಮಾಡಿಸಿ.

ರಬ್ಬರ್ ಎಷ್ಟು ಕುಗ್ಗಬೇಕು ಅನ್ನೋದಕ್ಕೆ ಸರಳ ಲೆಕ್ಕವಿದೆ. ಒತ್ತಿದರೆ ರಬ್ಬರಿನ ಗಾತ್ರ ಕಡಿಮೆಯಾಗಲ್ಲ, ಆಕಾರ ಮಾತ್ರ ಬದಲಾಗುತ್ತೆ. 125–155ರ ನಡುವೆ ಇರುವ ರಬ್ಬರಿನ ಅಡ್ಡಕೊಯ್ತ ಸುಮಾರು 66 ಚದರ ಸೆಂಮೀ. 165ರ ತೂತು ತುಂಬಲು 91 ಬೇಕು. ಹಾಗಾಗಿ ಒಟ್ಟು 450 ಮಿಮೀ ಉದ್ದ 326ಕ್ಕೆ ಇಳಿಯಬೇಕು, ಎಳೆತ 124 ಮಿಮೀ. ಅದೇ ತೂತು ಅಲ್ಲಿ 175ಕ್ಕೆ ಅಗಲವಾಗಿದ್ದರೆ ಸುಮಾರು 200 ಮಿಮೀ ಎಳೆಯಬೇಕಾಗುತ್ತೆ, ಆಗ ರಬ್ಬರ್ ಬಳೆಯ ಅಂಚಿಗೆ ಹಿಂಡಿಕೊಂಡು ಹರಿಯುವ ಅಪಾಯ. ಅದಕ್ಕೇ ನಡುವಿನ ತೋಳು ಮೆತ್ತಗೆ, ಎರಡು ತುದಿಯವು ಸ್ವಲ್ಪ ಗಟ್ಟಿ ಇರಲಿ. ರಬ್ಬರಿನ ಗಡಸುತನ ಅಳೆಯುವ ಶೋರ್ ಲೆಕ್ಕದಲ್ಲಿ ನಡುವಿನದು 40, ತುದಿಯವು 50 ಸಾಕು. 65–70ರ ಗಟ್ಟಿ ರಬ್ಬರ್ ಹಾಕಿದರೆ ಎಳೆಯುವ ಬಲ ಎರಡು ಪಟ್ಟು ದಾಟುತ್ತೆ, ಪಿವಿಸಿ ತಡೆಯಲ್ಲ.

ಪ್ಯಾಕರಿನ ಉಕ್ಕಿನ ಕೊಳವೆಯ ಕೆಳತುದಿಯ ಒಳ ಅಂಚನ್ನು ಇಳಿಜಾರಾಗಿ ಬಾಯಿ ತೆರೆದಂತೆ ಕಡೆಸಿ. ಮುಂದೆಂದೋ ಪಂಪ್ ಎತ್ತುವಾಗ ಅದರ ತಲೆ ನೇರ ಅಂಚಿಗೆ ಸಿಕ್ಕಿಕೊಂಡರೆ ಪಂಪೂ ಹೋಯಿತು, ಬೋರೂ ಹೋಯಿತು.

ಪ್ರಶ್ನೆ (ತುಮಕೂರು): ಗಾಳಿ ಅಥವಾ ನೀರು ತುಂಬಿ ಉಬ್ಬಿಸುವ ಪ್ಯಾಕರ್ ಇರುತ್ತಲ್ಲ, ಅದು ಸುಲಭ ಅಲ್ವಾ?

ಉತ್ತರ: ಪರೀಕ್ಷೆಗೆ ಅದು ಒಳ್ಳೇದು. ಅಣೆಕಟ್ಟಿನ ತಳಬಂಡೆಯಲ್ಲಿ ನೀರು ಎಷ್ಟು ಇಂಗುತ್ತೆ ಅಂತ ಅಳೆಯುವ ಲ್ಯೂಜನ್ ಪರೀಕ್ಷೆಯಲ್ಲಿ ಅದನ್ನು ಹೆಚ್ಚು ಬಳಸ್ತಾರೆ. ಒರಟು ಗೋಡೆಗೂ ಹೊಂದಿಕೊಳ್ಳುತ್ತೆ, ಇಳಿಸಿ ಉಬ್ಬಿಸಿ ಅಳೆದು ತೆಗೆದುಬಿಡಬಹುದು. ಆದರೆ ಒಳಗಿನ ಒತ್ತಡ ಇರುವವರೆಗೆ ಮಾತ್ರ ಹಿಡಿತ. ಸಣ್ಣ ವಾಲ್ವ್ ಸೋರಿದರೂ ಸಿಮೆಂಟ್ ಕೆಳಗೆ ಹೋಗುತ್ತೆ. ಒಳಗೇ ಬಿಟ್ಟುಬರುವ ಕೆಲಸಕ್ಕೆ ಮೆಕ್ಯಾನಿಕಲ್ ಪ್ಯಾಕರೇ ನನ್ನ ಆಯ್ಕೆ.

ಅಂದಹಾಗೆ ಈ ಉಪಾಯ ಹಳೆಯದು. 1860ರ ದಶಕದಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಎಣ್ಣೆ ಬಾವಿಗಳಲ್ಲಿ ಚರ್ಮದ ಚೀಲಕ್ಕೆ ಅಗಸೆ ಬೀಜ ತುಂಬಿ ಪೈಪಿಗೆ ಕಟ್ಟಿ ಇಳಿಸುತ್ತಿದ್ದರು. ಬೀಜ ನೆನೆದು ಉಬ್ಬಿ ಮೇಲಿನ ನೀರನ್ನು ತಡೆಯುತ್ತಿತ್ತು. ನಮ್ಮಲ್ಲಿ ಕೇಸಿಂಗ್ ಬುಡಕ್ಕೆ ಗೋಣಿಪಟ್ಟಿ ಸುತ್ತುವುದೂ ಅದೇ ಯೋಚನೆ, ಆದರೆ ಗೋಣಿ ಕೊಳೆತುಹೋಗುತ್ತೆ. ಅದನ್ನು ಸೀಲ್ ಅಂತ ಲೆಕ್ಕಕ್ಕೆ ತಗೋಬೇಡಿ.

ಪ್ರಶ್ನೆ (ದೊಡ್ಡಬಳ್ಳಾಪುರ): ಇಳಿಸುವ ಕ್ರಮ ಹೇಳಿ ಸರ್. ಸಿಮೆಂಟ್ ಎಷ್ಟು ಬೇಕು?

ಉತ್ತರ: ಪಂಪ್ ತೆಗೆದ ಮೇಲೆ 160 ಮಿಮೀ ವ್ಯಾಸದ, ಒಂದು ಮೀಟರ್ ಉದ್ದದ ಡಮ್ಮಿ ಪೈಪನ್ನು ತಂತಿಹಗ್ಗದಲ್ಲಿ 85 ಅಡಿವರೆಗೆ ಇಳಿಸಿ ನೋಡಿ. ಅದು ತಡೆಯಿಲ್ಲದೆ ಹೋಗಿ ಬಂದರೆ ಮಾತ್ರ ಪ್ಯಾಕರ್ ಇಳಿಸಬೇಕು. ಕೇಸಿಂಗ್ ಬುಡದ ಚೂಪು ಅಂಚು ರಬ್ಬರನ್ನು ಸೀಳಿದರೆ ಮೇಲಿಂದ ಗೊತ್ತೇ ಆಗಲ್ಲ. ರಬ್ಬರಿಗೆ ಗ್ರೀಸ್, ಡೀಸೆಲ್ ಸವರಬೇಡಿ, ಸಾದಾ ರಬ್ಬರ್ ಎಣ್ಣೆಗೆ ಉಬ್ಬಿ ಹಾಳಾಗುತ್ತೆ. ಸಾಬೂನು ನೀರು ಸಾಕು.

ಒಳಪೈಪು ಇಳಿಸುವಾಗಲೇ ಅದರ ಹೊರಮೈಗೆ ಮೂರು ಸಣ್ಣ ಕೊಳವೆ ಕಟ್ಟಿ, ಡ್ರಿಪ್‌ಗೆ ಬಳಸುವ 12 ಮಿಮೀ ಲ್ಯಾಟರಲ್ ಸಾಕು. ಒಂದರ ತುದಿ ಪ್ಯಾಕರಿಗಿಂತ ಅರ್ಧ ಮೀಟರ್ ಮೇಲೆ, ಎರಡನೆಯದು ಮೂರೂವರೆ ಮೀಟರ್ ಮೇಲೆ, ಮೂರನೆಯದು ಹದಿಮೂರೂವರೆ ಮೀಟರ್ ಮೇಲೆ. ಒಂದೊಂದು ಹಂತಕ್ಕೆ ಒಂದೊಂದು, ಯಾಕೆಂದರೆ ಬಳಸಿದ್ದು ಗಟ್ಟಿಯಾಗಿ ಮುಚ್ಚಿಹೋಗುತ್ತೆ. ಪೈಪಿಗೂ ಗೋಡೆಗೂ ನಡುವೆ ಸಿಗುವ ಜಾಗ 20 ಮಿಮೀ ಅಷ್ಟೇ, ಪೈಪ್ ಜೋಡುವ ಉಬ್ಬಿನ ಹತ್ತಿರ ಇನ್ನೂ ಕಡಿಮೆ. 16 ಮಿಮೀ ಲ್ಯಾಟರಲ್ ಅಲ್ಲಿ ಜಜ್ಜಿಹೋಗುತ್ತೆ.

ಈಗ ಬಿಗಿಸೋದು. ಒಳಪೈಪಿನ ತಲೆಯನ್ನು ಕೇಸಿಂಗ್ ಬಾಯಿಗೆ ಕ್ಲ್ಯಾಂಪ್ ಹಾಕಿ ಮೇಲೇಳದಂತೆ ಹಿಡಿಯಿರಿ. ಜಿಐ ಪೈಪಿನ ತುದಿಯ ಕೊಕ್ಕೆಯನ್ನು ಪ್ಯಾಕರ್ ಕೊಳವೆಗೆ ಸಿಕ್ಕಿಸಿ, ಮೂರುಕಾಲಿನ ಸ್ಟ್ಯಾಂಡಿಗೆ ಕಟ್ಟಿದ 1 ಟನ್ ಚೈನ್ ಪುಲ್ಲಿಯಿಂದ ನಿಧಾನವಾಗಿ ಎಳೆಯಿರಿ. ಆ ಮೆತ್ತನೆ ರಬ್ಬರಿಗೆ 400–500 ಕೆಜಿ ಎಳೆತ ಬೇಕಾಗುತ್ತೆ. ಜಿಐ ಪೈಪಿಗೆ ಸೀಮೆಸುಣ್ಣದ ಗುರುತು ಹಾಕಿ ಅಳೆಯಿರಿ. ಇಲ್ಲಿ ಒಂದು ಸೂಕ್ಷ್ಮ ಇದೆ: ಆ ಬಲಕ್ಕೆ 24 ಮೀಟರ್ ಪಿವಿಸಿ ತಾನೇ ಸುಮಾರು 20 ಮಿಮೀ ಕುಗ್ಗುತ್ತೆ. ಹಾಗಾಗಿ ಮೇಲೆ 124 ಕಂಡರೆ ಕೆಳಗೆ ನೂರರ ಆಸುಪಾಸು ಮಾತ್ರ ಆಗಿರುತ್ತೆ. 145 ಕಾಣುವವರೆಗೆ ಎಳೆಯಿರಿ. ಕೊಕ್ಕೆ ಬಿಡಿಸುವ ತಿರುವು ಬಲಕ್ಕೇ ಇರಬೇಕು, ಎಡಕ್ಕೆ ತಿರುಗಿಸಿದರೆ ಜಿಐ ಪೈಪಿನ ಜೋಡಣೆಯೇ ಬಿಚ್ಚಿಕೊಂಡು ಒಳಗೆ ಬೀಳುತ್ತೆ.

ತಕ್ಷಣ ಸಿಮೆಂಟ್ ಹಾಕಬೇಡಿ. ಎರಡು ಪೈಪುಗಳ ನಡುವೆ ಮೇಲ್ಪದರದ ನೀರು ಏರುತ್ತೆ, ಅದು ಒಂದು ಮಟ್ಟದಲ್ಲಿ ನಿಲ್ಲುವವರೆಗೆ ಕಾಯಿರಿ. ನಿಂತರೆ ಪ್ಯಾಕರ್ ಹಿಡಿದಿದೆ. ಏರದೇ ಇದ್ದರೆ, ಏರಿ ಇಳಿಯುತ್ತಿದ್ದರೆ ಸೋರುತ್ತಿದೆ, ಇನ್ನೂ 10–15 ಮಿಮೀ ಎಳೆದು ನೋಡಿ. ಈ ಪರೀಕ್ಷೆ ಬಿಟ್ಟವರ ಸಿಮೆಂಟ್ 620 ಅಡಿ ತಳದಲ್ಲಿ ಹೆಪ್ಪುಗಟ್ಟುತ್ತೆ.

ನೀರು 15 ಅಡಿಗೆ ಬಂದು ನಿಂತರೆ ಪ್ಯಾಕರ್ ಮೇಲೆ 175–180 ಕೆಜಿ ಭಾರ ಆಗಲೇ ಇರುತ್ತೆ. 50 ಕೆಜಿ ಚೀಲಕ್ಕೆ 25 ಲೀಟರ್ ನೀರು ಹಾಕಿದರೆ ಸುಮಾರು 41 ಲೀಟರ್ ಸಿಮೆಂಟ್ ಹಾಲು ಸಿಗುತ್ತೆ. ಮರಳು ಬೇಡ. ಸೊಳ್ಳೆಪರದೆಯಲ್ಲಿ ಸೋಸಿ ಕೈಪಂಪಿನಿಂದ ತಳ್ಳಿ. ಮೊದಲ ಹಂತ 3 ಮೀಟರ್ ಎತ್ತರಕ್ಕೆ 27 ಲೀಟರ್ ಮಾತ್ರ. ನೀರನ್ನು ಸರಿಸಿ ಕೂರುವುದರಿಂದ ಅದು ಹೆಚ್ಚಿಸುವ ಭಾರ ಬರೀ 23 ಕೆಜಿ. 24 ಗಂಟೆ ಬಿಡಿ. ಎರಡನೇ ದಿನ 10 ಮೀಟರ್, ಸುಮಾರು 92 ಲೀಟರ್. ಮೂರನೇ ದಿನ ಮೇಲಿನ 11 ಮೀಟರ್, 103 ಲೀಟರ್. ಒಟ್ಟು ಐದೂವರೆ ಚೀಲ, ಆದರೆ 60 ಅಡಿಯ ಬಿರುಕು ಒಂದಷ್ಟು ಕುಡಿಯುತ್ತೆ, ಏಳು ಚೀಲ ತಂದಿಟ್ಟುಕೊಳ್ಳಿ.

ಪ್ರಶ್ನೆ (ತುಮಕೂರು): ಒಂದೇ ದಿನ ಪೂರ್ತಿ ತುಂಬಿದರೆ ಏನಾಗುತ್ತೆ? ಕೂಲಿ ಮೂರು ದಿನದ್ದು ಆಗುತ್ತಲ್ಲ.

ಉತ್ತರ: ಪೈಪ್ ಒಳಕ್ಕೆ ಚಪ್ಪಟೆಯಾಗಬಹುದು. ಒಳಗೆ ನೀರು 180 ಅಡಿಯಲ್ಲಿದೆ, ಅಂದರೆ ಒಳಪೈಪು ಪೂರ್ತಿ ಖಾಲಿ. ಹೊರಗೆ 24 ಮೀಟರ್ ಸಿಮೆಂಟ್ ಹಾಲು ನಿಂತರೆ ಬುಡದಲ್ಲಿ ಚದರ ಸೆಂಮೀಗೆ 4.4 ಕೆಜಿ ಒತ್ತಡ. 125 ಮಿಮೀ, 5 ದಪ್ಪದ ಪಿವಿಸಿ ಲೆಕ್ಕದ ಪ್ರಕಾರ ಕುಸಿಯೋದು ಸುಮಾರು 4.9ಕ್ಕೆ. ಸಿಮೆಂಟ್ ಗಟ್ಟಿಯಾಗುವಾಗ ಬಿಸಿಯಾಗುತ್ತೆ, ಬಿಸಿಗೆ ಪಿವಿಸಿ ಮೆತ್ತಗಾಗುತ್ತೆ, ಆ ಚೂರು ಅಂತರವೂ ಉಳಿಯಲ್ಲ. ಹಂತಹಂತವಾಗಿ ಹಾಕಿದರೆ ಯಾವ ಹಂತದಲ್ಲೂ ಎರಡೂವರೆ ಕೆಜಿ ದಾಟಲ್ಲ. ಕೂಲಿ ಉಳಿಸುವ ಜಾಗ ಇದಲ್ಲ.

ಪ್ರಶ್ನೆ (ಕೋಲಾರ): ನಮ್ಮಲ್ಲಿ ಫ್ಲೋರೈಡ್ 2.8 ಇದೆ. ಫ್ಲೋರೈಡ್ ಬರುವ ಪದರವನ್ನೇ ಪ್ಯಾಕರ್ ಹಾಕಿ ಮುಚ್ಚಬಹುದಾ ಮೇಡಂ?

ಉತ್ತರ (ಭೂಜಲ ವಿಜ್ಞಾನಿ): ಯಾವ ಪದರದಿಂದ ಅಂತ ಗೊತ್ತಾದರೆ ಮಾತ್ರ. ಅದಕ್ಕೆ ಜೋಡಿ ಪ್ಯಾಕರ್ ಬೇಕು, ಇಲ್ಲಿ ಉಬ್ಬುವ ಮಾದರಿಯೇ ಸರಿ. ಮೂರು ಮೀಟರ್ ಅಂತರದಲ್ಲಿ ಎರಡು ಪ್ಯಾಕರ್, ನಡುವೆ ಸಣ್ಣ ಪಂಪು. ಒಂದೊಂದು ಬಿರುಕಿನ ನೀರನ್ನೂ ಬೇರೆಬೇರೆಯಾಗಿ ಎತ್ತಿ ಪರೀಕ್ಷೆಗೆ ಕಳಿಸಬಹುದು. ಕುಡಿಯುವ ನೀರಿಗೆ ಐಎಸ್ 10500 ಹೇಳುವ ಮಿತಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ಮೂಲವಿಲ್ಲದಿದ್ದರೆ 1.5. ಫ್ಲೋರೈಡ್ ಗ್ರಾನೈಟ್ ಬಂಡೆಯ ಖನಿಜಗಳಿಂದಲೇ ಕರಗಿ ಬರೋದು, ನೀರು ಬಂಡೆಯೊಳಗೆ ಹೆಚ್ಚು ಕಾಲ ನಿಂತಷ್ಟೂ ಹೆಚ್ಚುತ್ತೆ. ಹಾಗಾಗಿ ಅನೇಕ ಕಡೆ ಆಳದ ಬಿರುಕಿನ ನೀರಲ್ಲೇ ಜಾಸ್ತಿ. ನಿಮ್ಮ ಮೇಲಿನ ಬಿರುಕುಗಳು ಒಣಗಿದ್ದರೆ ಆಳದ್ದನ್ನು ಮುಚ್ಚಿದ ಮೇಲೆ ಬೋರೇ ಒಣಗುತ್ತೆ. ಮೇಲಿನ ಬಿರುಕು ಒಂಟಿಯಾಗಿ ಎಷ್ಟು ನೀರು ಕೊಡುತ್ತೆ ಅಂತ ಮೊದಲು ಅಳೆದು ನೋಡಿ.

ಪ್ರಶ್ನೆ (ಉಡುಪಿ): ನಮ್ಮ ಕಡೆ ಮುರಕಲ್ಲಿನ ಕೆಳಗೆ ಸಿಗುವ ಮೆತ್ತನೆಯ ಶೇಡಿ ಮಣ್ಣು. ಅಲ್ಲೂ ಇದು ಆಗುತ್ತಾ?

ಉತ್ತರ (ಡ್ರಿಲ್ಲಿಂಗ್ ಎಂಜಿನಿಯರ್): ಶೇಡಿ ಮಣ್ಣಿನಲ್ಲಿ ಪ್ಯಾಕರ್ ಕೂರಿಸಬೇಡಿ. ರಬ್ಬರ್ ಒತ್ತಿದಷ್ಟೂ ಗೋಡೆ ಹಿಂದೆ ಸರಿಯುತ್ತೆ, ನೀರು ತಾಗಿದರೆ ಕುಸಿಯುತ್ತೆ. ಮುರಕಲ್ಲು, ಶೇಡಿ ಎರಡನ್ನೂ ದಾಟಿ ಬಂಡೆಯೊಳಗೆ ಇಳಿದ ಮೇಲೆಯೇ ಪ್ಯಾಕರ್. ವಿಜಯಪುರ, ಕಲಬುರಗಿ ಕಡೆಯ ಕಪ್ಪು ಬಂಡೆಯಲ್ಲೂ ಪದರಗಳ ನಡುವಿನ ಕೆಂಪು ಮಣ್ಣಿನ ಪಟ್ಟಿ, ತೂತುತೂತಾದ ಭಾಗ ಬಿಟ್ಟು ಗಟ್ಟಿ ಭಾಗ ಹುಡುಕಬೇಕು.

ಪ್ರಶ್ನೆ (ದೊಡ್ಡಬಳ್ಳಾಪುರ): ಸಿಮೆಂಟ್ ಆದ ಮೇಲೆ ಯಾವಾಗ ಪಂಪ್ ಇಳಿಸಬಹುದು? ನೀರು ಕಡಿಮೆಯಾಗುತ್ತಾ?

ಉತ್ತರ (ಭೂಜಲ ವಿಜ್ಞಾನಿ): 60 ಅಡಿಯಿಂದ ಬೀಳುತ್ತಿದ್ದ ನೀರು ನಿಲ್ಲುವುದರಿಂದ ಅಷ್ಟು ಕಡಿಮೆಯಾಗುತ್ತೆ. ಎಷ್ಟು ಅಂತ ತಿಳಿಯಲು ಕೆಲಸಕ್ಕೆ ಮುಂಚೆಯೇ ಒಮ್ಮೆ ಡ್ರಮ್ ಇಟ್ಟು ಇಳುವರಿ ಅಳೆದಿಡಿ. ಕೊನೆಯ ಸಿಮೆಂಟ್ ಹಂತದ ನಂತರ ಮೂರು ದಿನ ಬಿಟ್ಟು ಪಂಪ್ ಇಳಿಸಿ. ನಿಮ್ಮ ಬೋರಿನಲ್ಲಿ 180ರಿಂದ 620 ಅಡಿವರೆಗೆ ಸುಮಾರು 2,900 ಲೀಟರ್ ನೀರಿದೆ. ಲೀಟರಿಗೆ 50 ಮಿಲಿಗ್ರಾಂ ಕ್ಲೋರಿನ್ ಬರಬೇಕಾದರೆ ಶೇ 30ರ ಬ್ಲೀಚಿಂಗ್ ಪುಡಿ ಅರ್ಧ ಕೆಜಿ ಬೇಕು. ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿನೀರನ್ನು ಮಾತ್ರ ಸುರಿಯಿರಿ. 12 ಗಂಟೆ ಬಿಟ್ಟು, ವಾಸನೆ ಹೋಗುವವರೆಗೆ ಹೊರಗೆ ಬಿಡಿ, ತೋಟಕ್ಕೂ ಕೆರೆಗೂ ಬೇಡ. ಕ್ಲೋರಿನ್ ಉಳಿದಿರುವಾಗ ಸ್ಯಾಂಪಲ್ ಕೊಟ್ಟರೆ ಇ-ಕೊಲೈ ಇಲ್ಲ ಅಂತ ಸುಳ್ಳು ಫಲಿತಾಂಶ ಬರುತ್ತೆ. ಒಂದು ವಾರ ಬಿಟ್ಟು ಒಮ್ಮೆ, ದೊಡ್ಡ ಮಳೆ ಬಿದ್ದ ಎರಡನೇ ದಿನ ಇನ್ನೊಮ್ಮೆ ಕೊಡಿ. ಕೊಳೆನೀರು ಬರುತ್ತಿದ್ದದ್ದು ಮಳೆಯ ನಂತರ, ಸೀಲ್ ಹಿಡಿದಿದೆಯೋ ಇಲ್ಲವೋ ಅನ್ನೋದನ್ನು ಆ ಎರಡನೇ ಸ್ಯಾಂಪಲ್ ನೋಡಿಯೇ ಹೇಳಬೇಕು.